ಅಪೀಲಿನ ಕಾಲದ ತೊಗರಿ

ಆಳಂದ, ಅಫಜಲಪುರ, ಜೇವರ್ಗಿಯ ಕೋರ್ಟುಗಳ ಮುಂದೆ ಹೊಲದ ದಾವೆ ಗೆದ್ದವರ ಬಾಯಲ್ಲೇ ಈ ಮಾತು ಕೇಳಿಬರುತ್ತದೆ: ‘ಅವ್ರು ಅಪೀಲ್ ಹಾಕ್ಯಾರ್ರೀ, ಇನ್ನ ಏನೂ ಮಾಡ್ಲಾಕ ಬರಲ್ಲ.’ ಸೋತವರ ನಂಬಿಕೆಯೂ ಇದೇ. ಹೀಗಾಗಿ ಎಷ್ಟೋ ಡಿಕ್ರಿಗಳು ಯಾವ ತಡೆಯಾಜ್ಞೆಯೂ ಇಲ್ಲದೆ ಟ್ರಂಕಿನಲ್ಲೇ ಮಲಗುತ್ತವೆ.

ಕಾನೂನು ಹಾಗೆ ಹೇಳುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 5ನೇ ನಿಯಮದಂತೆ, ಅಪೀಲು ದಾಖಲಾದ ಮಾತ್ರಕ್ಕೆ ಡಿಕ್ರಿಯ ಅಮಲ್ಜಾರಿ ನಿಲ್ಲುವುದಿಲ್ಲ. ‘ಸ್ಟೇ’ ಬೇಕಾದವರು ಬೇರೆ ಅರ್ಜಿ ಹಾಕಬೇಕು. ತಡೆ ಸಿಗದಿದ್ದರೆ ತಮಗೆ ಭಾರಿ ನಷ್ಟವಾಗುತ್ತದೆಂದು ತೋರಿಸಬೇಕು, ಅರ್ಜಿ ಹಾಕಲು ವಿನಾಕಾರಣ ತಡ ಮಾಡಿರಬಾರದು, ಕೊನೆಗೆ ಸೋತರೆ ಡಿಕ್ರಿಯಂತೆ ನಡೆಯುತ್ತೇವೆಂಬುದಕ್ಕೆ ಭದ್ರತೆಯನ್ನೂ ಕೊಡಬೇಕು.

ತಡೆಯಾಜ್ಞೆಯೇ ಕೆಟ್ಟದ್ದೆಂದು ನಾನು ಹೇಳಲಾರೆ. ಮನೆ ಕೆಡವಿದ ಮೇಲೆ ಅಪೀಲು ಗೆದ್ದು ಏನು ಮಾಡುವುದು? ಹಣವಾದರೆ 144ನೇ ಕಲಮಿನಡಿ ವಾಪಸು ಕೇಳಬಹುದು, ಗೋಡೆಯನ್ನು ಹಾಗೆ ಕೇಳಲಾಗದು. ನನ್ನ ತಕರಾರು ಇರುವುದು ಪುಕ್ಕಟೆ ಸ್ಟೇ ಬಗ್ಗೆ.

ಇದೇ ತಾಲೂಕುಗಳಲ್ಲಿ ಅಮರ್ಜಾ ಜಲಾಶಯಕ್ಕೆ, ಸೊನ್ನದ ಭೀಮಾ ಬ್ಯಾರೇಜಿಗೆ, ಕೃಷ್ಣಾ ಕಾಲುವೆಗಳಿಗೆ ರೈತರ ಭೂಮಿ ಹೋಗಿದೆ. 2014ರಲ್ಲಿ ರದ್ದಾದ 1894ರ ಭೂಸ್ವಾಧೀನ ಕಾಯ್ದೆಯ ಹಳೆಯ ಪ್ರಕರಣಗಳಲ್ಲಿ ಕೋರ್ಟು ಪರಿಹಾರ ಹೆಚ್ಚಿಸಿದರೆ, ಆ ಹೆಚ್ಚುವರಿ ಮೊತ್ತಕ್ಕೆ ಭೂಮಿ ವಶಕ್ಕೆ ಪಡೆದ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ. ಸರ್ಕಾರ ಅಪೀಲು ಹಾಕಿ ಹಣ ಕಟ್ಟದೆ ಕೂತರೆ ಆ ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ. ಸ್ಟೇ ಕೇಳುವಾಗ ಸರ್ಕಾರ ಭದ್ರತೆ ಕೊಡಬೇಕಾಗಿಲ್ಲ ಎಂಬ ವಿನಾಯಿತಿಯೂ ಸಂಹಿತೆಯಲ್ಲಿದೆ (ಸರ್ಕಾರ ಓಡಿಹೋಗುವುದಿಲ್ಲ ಎಂದಿರಬೇಕು, ಬೇಗ ಬರುತ್ತದೆ ಎಂದೇನಲ್ಲ). ಆದರೂ ಅಲ್ಲಿ ವಿಳಂಬಕ್ಕೊಂದು ದರವಿದೆ.

ಅಣ್ಣತಮ್ಮಂದಿರ ನಡುವಿನ ಹೊಲಕ್ಕೆ ಆ ದರ ಬರೆದಿಟ್ಟವರಿಲ್ಲ. ಸ್ವಾಧೀನ ಬಿಟ್ಟುಕೊಡು ಎಂದು ಡಿಕ್ರಿಯಾಗುತ್ತದೆ, ಮೇಲಿನ ಕೋರ್ಟಿನಲ್ಲಿ ಸ್ಟೇ ಸಿಗುತ್ತದೆ. ಮುಂಗಾರಿಗೆ ಸೋತವನೇ ತೊಗರಿ ಬಿತ್ತುತ್ತಾನೆ, ಡಿಸೆಂಬರ್–ಜನವರಿಯಲ್ಲಿ ರಾಶಿ ಮಾಡಿ ಕಲಬುರಗಿ ಎಪಿಎಂಸಿಗೆ ಒಯ್ಯುತ್ತಾನೆ. ಗೆದ್ದವನು ತಾರೀಖು ಎಣಿಸುತ್ತಾನೆ. ಅಪೀಲು ಬೇಗ ಮುಗಿಯಲಿ ಎಂದು ಬಿತ್ತಿದವನಿಗೆ ಯಾಕೆ ಅನಿಸಬೇಕು? ಡಿಕ್ರಿ ಸಿಕ್ಕ ಮೇಲೇ ಕಕ್ಷಿದಾರನ ಕಷ್ಟ ಶುರುವಾಗುತ್ತದೆಂದು ಪ್ರಿವಿ ಕೌನ್ಸಿಲ್ 1872ರಷ್ಟು ಹಿಂದೆಯೇ ಹೇಳಿತ್ತು. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಪೀಠ ಬಂದು ಬೆಂಗಳೂರಿನ ರಾತ್ರಿ ಬಸ್ಸು ತಪ್ಪಿತು; ಈ ಕಷ್ಟ ತಪ್ಪಲಿಲ್ಲ.

ಮದ್ದು ಇಲ್ಲದಿಲ್ಲ. ದೆಹಲಿಯ ಬಾಡಿಗೆ ಕಟ್ಟಡವೊಂದರ ಪ್ರಕರಣದಲ್ಲಿ, ಆತ್ಮಾರಾಮ್ ಪ್ರಾಪರ್ಟೀಸ್ ತೀರ್ಪಿನಲ್ಲಿ, ಸ್ಟೇ ಕೊಡುವಾಗ ವಿಳಂಬದಿಂದ ಡಿಕ್ರಿದಾರನಿಗಾಗುವ ನಷ್ಟ ತುಂಬಿಕೊಡುವ ಷರತ್ತು ಹಾಕಬಹುದೆಂದು ಸುಪ್ರೀಂ ಕೋರ್ಟ್ ಹೇಳಿದೆ. ಅಂಗಡಿಗೆ ಬಾಡಿಗೆ ಹೇಗೋ ಹೊಲಕ್ಕೆ ಬೆಳೆ ಹಾಗೆ. ಪ್ರತಿ ರಾಶಿಯ ನಂತರ ಇಂತಿಷ್ಟು ಹಣವನ್ನು ಕೋರ್ಟಿನಲ್ಲಿ ಕಟ್ಟಬೇಕೆಂಬ ಷರತ್ತನ್ನು ವಕೀಲರು ಬಾಯಿಬಿಟ್ಟು ಕೇಳಬೇಕು. ‘ಸ್ಟೇಗೆ ತಕರಾರಿದೆ’ ಎಂದಷ್ಟೇ ಬರೆದು ಕೂತರೆ ಷರತ್ತು ತಾನಾಗಿ ಬರುವುದಿಲ್ಲ.

ಅದಕ್ಕೆ ಮೊದಲ ದಿನವೇ ಎದುರಿಗಿರಬೇಕು. ತೀರ್ಪು ಬಂದ ಕೂಡಲೇ ಮೇಲಿನ ಕೋರ್ಟಿನಲ್ಲಿ ಕೇವಿಯಟ್ ಹಾಕಿದರೆ 90 ದಿನ ತಮಗೆ ತಿಳಿಸದೆ ಸ್ಟೇ ಆಗದಂತೆ ನೋಡಿಕೊಳ್ಳಬಹುದು. ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ ಅವಕಾಶ. ಆ ಗಡುವು ಮೀರಿ ಬಂದವರಿಗೆ ಇನ್ನೊಂದು ತೊಡಕಿದೆ: ತಡ ಮನ್ನಾ ಆಗಿ, ಅಪೀಲು ವಿಚಾರಣೆಗೆ ತಗೊಳ್ಳುತ್ತೇವೆಂದು ಕೋರ್ಟು ತೀರ್ಮಾನಿಸುವವರೆಗೆ ಸ್ಟೇ ಕೊಡುವಂತಿಲ್ಲ. ಅದೇ 41ನೇ ಆದೇಶದ 3ಎ ನಿಯಮವಿದು.