ತಾಯಿಯ ಶಾಪ, ಮಕ್ಕಳ ಧರ್ಮ

ತಾಯಿಯನ್ನು ದೇವರೆಂದು ಕಾಣಬೇಕೆಂದು ವಿಧಿಸುವ ತೈತ್ತಿರೀಯ ಉಪನಿಷತ್ತು, ಗುರುಗಳ ಸುಚರಿತಗಳನ್ನಷ್ಟೇ ಅನುಸರಿಸಬೇಕೆಂದು ಅಲ್ಲಿಯೇ ಎಚ್ಚರಿಸುತ್ತದೆಯಾದರೂ, ಹೆತ್ತವಳೇ ಅಧರ್ಮಕ್ಕೆ ಕರೆದರೆ ಮಕ್ಕಳು ಏನು ಮಾಡಬೇಕೆಂಬುದನ್ನು ಬಿಡಿಸಿ ಹೇಳುವುದಿಲ್ಲ. ಆ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ಮಹಾಭಾರತದ ಆದಿಪರ್ವದಲ್ಲಿ ಬರುವ, ನಾಗಗಳ ತಾಯಿ ಕದ್ರುವಿನ ಕಥೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಭಕ್ತರು ಪ್ರತಿಷ್ಠೆ ಮಾಡಿಸಿದ ನಾಗರಕಲ್ಲುಗಳು, ಅಂದರೆ ಹೆಡೆಯೆತ್ತಿದ ಅಥವಾ ಒಂದಕ್ಕೊಂದು ಹೆಣೆದುಕೊಂಡ ಸರ್ಪಗಳನ್ನು ಕಡೆದ ಶಿಲೆಗಳು, ಅರಿಸಿನ ಕುಂಕುಮ ಮೆತ್ತಿಕೊಂಡು ಸಾಲುಸಾಲಾಗಿ ನಿಂತಿವೆ. ಸಂತಾನಕ್ಕಾಗಿ ಹರಕೆ ಹೊತ್ತ ಹೆಂಗಸರು ಹಾಲೆರೆಯುವ ಆ ನಾಗಕುಲವೇ ತನ್ನ ತಾಯಿಯಿಂದ ಶಾಪಗ್ರಸ್ತವಾದದ್ದು.

ಉಚ್ಚೈಃಶ್ರವಸ್ಸೆಂಬ ಬಿಳಿಯ ಕುದುರೆಯ ಬಾಲ ಕಪ್ಪೆಂದು ಸವತಿ ವಿನತೆಯೊಡನೆ ಪಣ ಕಟ್ಟಿದ ಕದ್ರು, ಕಪ್ಪು ಕೂದಲಾಗಿ ಆ ಬಾಲಕ್ಕೆ ಅಂಟಿಕೊಳ್ಳಿರೆಂದು ಮಕ್ಕಳಿಗೆ ಆಜ್ಞಾಪಿಸಿ, ಒಪ್ಪದವರು ಮುಂದೆ ಜನಮೇಜಯ ರಾಜನ ಸರ್ಪಯಾಗದಲ್ಲಿ ಬೆಂದುಹೋಗಲೆಂದು ಶಪಿಸಿದಳು. ಉಳಿದ ಶಾಪಗಳಿಗೆ ಪ್ರತೀಕಾರವುಂಟು, ತಾಯಿಯ ಶಾಪಕ್ಕಿಲ್ಲವೆಂದು ಆ ಮಕ್ಕಳಲ್ಲೊಬ್ಬನಾದ ವಾಸುಕಿ ಹಲುಬುತ್ತಾನೆ. ಹಿರಿಯನಾದ ಶೇಷನು ಒಡಹುಟ್ಟಿದವರ ಸಹವಾಸವೇ ಬೇಡವೆಂದು ತಪಸ್ಸಿಗೆ ಹೊರಟರೆ, ವಾಸುಕಿ ಸೋದರರನ್ನು ಸೇರಿಸಿ ಉಪಾಯ ಹುಡುಕುತ್ತಾನೆ. ಆ ಸಭೆಯಲ್ಲಿ ಏಲಾಪತ್ರನೆಂಬ ನಾಗ ಹೇಳುವ ಮಾತು ಇಡೀ ಕಥೆಯ ಮರ್ಮವನ್ನು ತೆರೆದಿಡುತ್ತದೆ: ತಾಯಿ ಶಪಿಸುತ್ತಿದ್ದಾಗ ಭಯಗೊಂಡ ಅವನು ಏರಿ ಕುಳಿತದ್ದು ಅವಳದೇ ಮಡಿಲನ್ನು, ಪರಿಹಾರದ ಬಗ್ಗೆ ದೇವತೆಗಳು ಆಡಿದ ಮಾತು ಅವನ ಕಿವಿಗೆ ಬಿದ್ದದ್ದೂ ಅಲ್ಲಿಯೇ. ಹೆದರಿಸಿದವಳನ್ನೇ ಆಶ್ರಯಿಸಬೇಕಾದ ಮಗುವಿನ ಸಂಕಟವನ್ನು ಇದಕ್ಕಿಂತ ನಿಷ್ಠುರವಾಗಿ, ಇದಕ್ಕಿಂತ ಕರುಣೆಯಿಂದ ಹೇಳುವುದು ಕಷ್ಟ. ಕೊನೆಗೆ ವಾಸುಕಿಯ ತಂಗಿ ಜರತ್ಕಾರುವಿನ ಮಗ ಆಸ್ತೀಕ ಯಾಗವನ್ನು ನಿಲ್ಲಿಸುತ್ತಾನೆ. ಅಷ್ಟರಲ್ಲಿ ಅಸಂಖ್ಯ ನಾಗಗಳು ಬೆಂಕಿಗೆ ಬಿದ್ದಿರುತ್ತವೆ.

ಎಸ್.ಎಲ್. ಭೈರಪ್ಪನವರ 'ಗೃಹಭಂಗ' (1970) ಕಾದಂಬರಿಯ ಗಂಗಮ್ಮ ಇದೇ ಪ್ರಶ್ನೆಯನ್ನು ಹಳೆಯ ಮೈಸೂರು ಸೀಮೆಯ ಹಳ್ಳಿಮನೆಗೆ ತರುತ್ತಾಳೆ. ಬೈಗುಳವೇ ಮಾತಾದ ಆ ವಿಧವೆಯ ಮಕ್ಕಳಾದ ಚೆನ್ನಿಗರಾಯ ಮತ್ತು ಅಪ್ಪಣ್ಣಯ್ಯ ಬೆಳೆದು ಗಂಡಸರಾದರೂ ಶೇಷನಂತೆ ದೂರ ಸರಿಯುವುದಿಲ್ಲ, ವಾಸುಕಿಯಂತೆ ಕೂಡಿ ಯೋಚಿಸುವುದೂ ಇಲ್ಲ. ತಾಯಿಯಿಂದ ಕಲಿತ ನಾಲಿಗೆಯನ್ನು ಹೆಂಡಿರ ಮೇಲೆ ಹರಿಯಬಿಡುತ್ತಾರೆ. ಶಾನುಭೋಗಿಕೆಯ, ಅಂದರೆ ಊರಿನ ಕಂದಾಯದ ಲೆಕ್ಕವಿಡುತ್ತಿದ್ದ ವಂಶಪಾರಂಪರ್ಯ ಹುದ್ದೆಯ, ಹೊಣೆಯನ್ನೂ ಮನೆಯ ಹಸಿವನ್ನೂ ಹಿರಿಯ ಸೊಸೆ ನಂಜಮ್ಮ ಹೊರುತ್ತಾಳೆ. ಗಂಗಮ್ಮನನ್ನು ಕೇವಲ ದುಷ್ಟೆಯೆಂದು ತಳ್ಳಿಹಾಕುವ ಓದು ಆಕೆಯ ಮಕ್ಕಳ ಹೊಣೆಯನ್ನು ಹಗುರ ಮಾಡುತ್ತದೆ, ಏಕೆಂದರೆ ತಾಯಿ ಕೊಟ್ಟ ಸ್ವಭಾವ ಅವರ ಆಯ್ಕೆಯಲ್ಲದಿದ್ದರೂ ಅದನ್ನು ಮುಂದಿನವರಿಗೆ ದಾಟಿಸುವುದು ಅವರದೇ ಕರ್ಮ. ಪ್ಲೇಗು ನಂಜಮ್ಮನನ್ನೂ ಅವಳ ದೊಡ್ಡ ಮಕ್ಕಳನ್ನೂ ಒಯ್ದ ಮೇಲೆ ಆ ಮನೆಯನ್ನು ಬಿಟ್ಟು ಹೊರಡುವ ಕೆಲಸ ಮೂರನೆಯ ತಲೆಮಾರಿನ, ಅವಳ ಕಿರಿಯ ಮಗ ವಿಶ್ವನ ಪಾಲಿಗೆ ಬರುತ್ತದೆ. ಆ ಬಾಲಕನನ್ನು ಕರೆದುಕೊಂಡು ಹೋಗುವವರು ರಕ್ತಸಂಬಂಧಿಗಳಲ್ಲ, ಜಂಗಮರಾದ ಮಹಾದೇವಯ್ಯನವರು.