ಮನೆಯೊಳಗೆ ಸುತ್ತಾಡುವವರು

ಬಳ್ಳಾರಿಯ ಮೇ ತಿಂಗಳಲ್ಲಿ ಅಡುಗೆ ಬೆಳಗಿನ ಎಂಟು ಗಂಟೆಯೊಳಗೆ ಮುಗಿಯಬೇಕು. ಆಮೇಲೆ ಒಲೆಯ ಮುಂದೆ ನಿಂತರೆ ರೊಟ್ಟಿಗಿಂತ ಮೊದಲು ನಾವೇ ಬೇಯುತ್ತೇವೆ. ಹಾಗಾಗಿ ಬೇಸಿಗೆಯ ಊಟ ಸರಳ. ಜೋಳದ ರೊಟ್ಟಿ, ಹಸಿ ಮಾವಿನಕಾಯಿ ಹಾಕಿದ ಖಟ್ಟಿ ದಾಲ್, ಮಜ್ಜಿಗೆ. ಯಾವಾಗಲಾದರೊಮ್ಮೆ ಕೀಮಾ. ಕೀಮಾ ತಂದ ದಿನ ನಮ್ಮ ಬೆಕ್ಕಿಗೆ ಹೇಗೆ ಗೊತ್ತಾಗುತ್ತದೋ ಅಲ್ಲಾಹನೇ ಬಲ್ಲ, ನೀರಿನ ಮಡಕೆಯ ಕೆಳಗಿನ ಒದ್ದೆ ಮರಳಿನಲ್ಲಿ ಮಲಗಿದ್ದದ್ದು ಎದ್ದು ಬಂದು ಕಾಲಿಗೆ ಸುತ್ತಿಕೊಳ್ಳುತ್ತದೆ.

ಅದನ್ನು ನಾವು ಸಾಕಿದ್ದಲ್ಲ, ಅದೇ ಬಂದದ್ದು. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣಗಳನ್ನು ಹಾಳುಮಾಡುತ್ತವೆ ಎಂದು ಪಶುವೈದ್ಯರು ಹೇಳಿದ ಮೇಲೆ, ಮಸಾಲೆಗೆ ಹಾಕುವ ಮೊದಲೇ ಅದರ ಪಾಲಿನ ಒಂದು ಚಮಚ ಕೀಮಾ ತೆಗೆದು ಬರೀ ನೀರಿನಲ್ಲಿ ಬೇಯಿಸುತ್ತೇನೆ. ಮರುಭೂಮಿಯ ಕಾಡುಬೆಕ್ಕಿನ ಸಂತತಿಯಾದ್ದರಿಂದ ಅದಕ್ಕೆ ಬಾಯಾರಿಕೆ ಬೇಗ ತಿಳಿಯುವುದಿಲ್ಲ. ಎರಡು ಕಡೆ ನೀರಿನ ಬಟ್ಟಲು ಇಟ್ಟಿದ್ದೇನೆ. ಇದನ್ನೆಲ್ಲ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇರುತ್ತಿತ್ತು. ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿ ನರಕಕ್ಕೆ ಹೋದ ಹೆಂಗಸಿನ ಹದೀಸ್ ಕೇಳಿ ಬೆಳೆದವಳು ನಾನು. ಅವಳ ಸಾಲಿನಲ್ಲಿ ನಾನಿಲ್ಲ ಎಂಬ ನೆಮ್ಮದಿ.

ಇನ್ನೊಂದು ಹದೀಸ್ ಇದೆ. ಅಬೂ ಕತಾದಾ(ರ) ಅವರಿಗೆ ಸೊಸೆ ವುಝೂಗೆ ನೀರು ತಂದಿಟ್ಟಾಗ ಬೆಕ್ಕೊಂದು ಬಂದಿತು. ಅವರು ಪಾತ್ರೆಯನ್ನೇ ಓರೆ ಮಾಡಿ ಅದಕ್ಕೆ ಕುಡಿಸಿದರು. ಸೊಸೆ ಕಣ್ಣರಳಿಸಿ ನೋಡಿದಾಗ, ಬೆಕ್ಕು ಅಶುದ್ಧವಲ್ಲ, ಅದು ನಿಮ್ಮ ನಡುವೆ ಸುತ್ತಾಡಿಕೊಂಡಿರುವವರ ಪೈಕಿ ಎಂದು ಪ್ರವಾದಿ(ಸ) ಹೇಳಿದ್ದನ್ನು ನೆನಪಿಸಿದರು. ಆ 'ಸುತ್ತಾಡುವವರು' ಎಂಬ ಅರಬಿ ಪದ ಕುರ್‌ಆನಿನಲ್ಲಿಯೂ ಇದೆ, ಸೂರಃ ಅನ್ನೂರ್‌ನ 58ನೇ ವಚನದಲ್ಲಿ. ಅಲ್ಲಿ ಅದು ಬೆಕ್ಕಿಗಲ್ಲ, ಮನೆಯಾಳುಗಳಿಗೆ ಮತ್ತು ಮಕ್ಕಳಿಗೆ. ಎಷ್ಟೋ ಸಲ ಓದಿದ್ದೆ. ಎರಡನ್ನೂ ಒಟ್ಟಿಗಿಟ್ಟು ನೋಡಿರಲಿಲ್ಲ.

ನೋಡಿಸಿದ್ದು ಬೆಕ್ಕೇ. ರೊಟ್ಟಿ ಬಡಿಯಲು ನಮ್ಮ ಮೊಹಲ್ಲಾದವರೇ ಒಬ್ಬರು ಬರುತ್ತಾರೆ. ನನಗಿಂತ ಹಿರಿಯರು, ಖಾಲಾ ಎಂದೇ ಕರೆಯುತ್ತೇನೆ. ಅವರ ಗಂಡನೂ ನನ್ನ ಗಂಡನೂ ಜುಮಾ ದಿನ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಅವರ ಕಪ್ಪು ಅಡುಗೆಮನೆಯ ಕಿಟಕಿಯ ಮೇಲಿರುತ್ತಿತ್ತು, ಬೇರೆಯಾಗಿ. ಅಮ್ಮಿಯ ಕಾಲದಿಂದ ಹಾಗೆ. ಯಾಕೆಂದು ನಾನು ಕೇಳಿರಲಿಲ್ಲ. ನಮ್ಮಲ್ಲಿ ಮೇಲುಕೀಳಿಲ್ಲ ಎಂದು ಸಭೆಗಳಲ್ಲಿ ಮಾತ್ರ ಹೇಳಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಬೆಕ್ಕು ಆ ಕಿಟಕಿಯಿಂದ ಹಾರಿತು, ಕಪ್ಪು ಬಿದ್ದು ಚೂರಾಯಿತು. ಖಾಲಾ ಚೂರುಗಳನ್ನು ಗುಡಿಸಿ ಎತ್ತಿದರು. ಅಷ್ಟು ಹೊತ್ತು ಬೆಂಕಿಯ ಮುಂದೆ ಕೂತು ಅವರ ಕುಪ್ಪಸ ಬೆನ್ನಿಗೆ ಅಂಟಿತ್ತು. ಮಜ್ಜಿಗೆ ಕೊಡುತ್ತೇನೆ ಎಂದೆ.

"ಬೇಡ ಬೀಬಿ, ನನ್ನ ಕಪ್ಪು ಒಡೆದುಹೋಯಿತಲ್ಲ. ಮನೆಗೆ ಹೋಗಿ ಕುಡಿಯುತ್ತೇನೆ" ಎಂದರು. ದೂರಿನ ದನಿಯೇ ಅಲ್ಲ. ಹಾಲು ಮುಗಿಯಿತು ಎನ್ನುವ ಹಾಗೆ.

ಸ್ಟ್ಯಾಂಡಿನಲ್ಲಿ ಹನ್ನೆರಡು ಸ್ಟೀಲ್ ಲೋಟಗಳಿದ್ದವು. ಬೆಕ್ಕು ನೀರು ಕುಡಿಯುತ್ತಿದ್ದ ಬಟ್ಟಲೂ ಅದೇ ಸೆಟ್ಟಿನದು. ನನಗೆ ಆ ಹೊತ್ತಿನಲ್ಲಿ ಹದೀಸ್ ನೆನಪಾಯಿತು ಎಂದರೆ ಸುಳ್ಳಾಗುತ್ತದೆ, ನೆನಪಾದದ್ದು ರಾತ್ರಿ. ಆಗ ಆದದ್ದು ಬರೀ ನಾಚಿಕೆ. ಲೋಟ ತೆಗೆದು ಮಜ್ಜಿಗೆ ಹಾಕಿ ಕೈಗೆ ಕೊಟ್ಟೆ. ಅವರು ಒಮ್ಮೆ ನನ್ನ ಮುಖ ನೋಡಿದರು, ಗೋಡೆಯ ಕಡೆ ತಿರುಗಿ ಕುಡಿದರು.

ಬೆಕ್ಕಿಗೆ ನಾನು ಕೊಟ್ಟದ್ದು ದಯೆ ಎಂದುಕೊಂಡಿದ್ದೆ. ದಯೆಗೆ ಖರ್ಚು ಕಡಿಮೆ. ಬೆಕ್ಕು ನಮ್ಮ ಪಕ್ಕದಲ್ಲಿ ಕೂತು ಸಮನಾಗುವುದಿಲ್ಲ. ಮನುಷ್ಯರು ಆಗುತ್ತಾರೆ, ಅದಕ್ಕೇ ಒಂದು ಕಪ್ಪನ್ನು ದೂರ ಇಟ್ಟಿರುತ್ತೇವೆ. ಹಾಗಿಟ್ಟದ್ದು ಅಮ್ಮಿ ಎಂದು ಜಾರಿಕೊಳ್ಳಲೂ ಆಗದು. ಅಮ್ಮಿ ತೀರಿಕೊಂಡು ಹತ್ತು ವರ್ಷವಾಯಿತು, ದಿನವೂ ಆ ಕಪ್ಪಿಗೆ ಚಹಾ ಬಗ್ಗಿಸಿದ್ದು ನಾನು.

ಖಾಲಾ ಆ ಲೋಟವನ್ನು ಎರಡು ಸಲ ತೊಳೆದರು. ತೊಳೆದು ಕಿಟಕಿಯ ಮೇಲಿಟ್ಟು ಹೋದರು. ನಾನು ಎತ್ತಿ ಸ್ಟ್ಯಾಂಡಿನಲ್ಲಿಟ್ಟೆ. ಮರುದಿನ ಬಂದವರು ಮೊದಲು ಕಿಟಕಿಯ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ನನ್ನ ಲೋಟ ಯಾವುದು ಬೀಬಿ?" ಎಂದು ಕೇಳಿದರು.