ಕೋವಿಗೆ ಮದ್ದು ತುಂಬುವ ಕೈ ಮತ್ತು ಅಹಿಂಸಾಣುವ್ರತ

ಹಿಂಸೆಯು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಲೋಕವು ಕೊಡುವ ಉತ್ತರವೇ ಬೇರೆ, ಆಗಮವು ಕೊಡುವ ಉತ್ತರವೇ ಬೇರೆ. ಪ್ರಾಣಿಯು ನೆಲಕ್ಕೆ ಬಿದ್ದಾಗ ಹಿಂಸೆ ನಡೆಯಿತೆಂದು ಲೋಕವು ಎಣಿಸುತ್ತದೆ. ಪ್ರಮಾದಕ್ಕೆ ವಶವಾದ ಮನಸ್ಸು ಚಲಿಸಿದಾಗಲೇ ಅದು ಮೊದಲಾಯಿತೆಂದು ಜಿನವಾಣಿಯು ತಿಳಿಸುತ್ತದೆ. ಈ ಅಂತರವನ್ನು ಮನಗಾಣಲು ಕೋವಿಗೆ ಮದ್ದು ತುಂಬುವ ಕೆಲಸವು ಒಂದು ಸ್ಪಷ್ಟವಾದ ನಿದರ್ಶನ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ನಾಡು 2007ರಲ್ಲಿ ರಾಮನಗರ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರನ್ನು ಪಡೆಯಿತು. ಹೆಸರು ಬದಲಾದರೂ ನೆಲದ ಗುಣ ಬದಲಾಗಿಲ್ಲ. ಮಾಗಡಿಯ ಕಡೆಗೆ ಸಾವನದುರ್ಗದ ಕಾಡು, ಕನಕಪುರದ ಕಡೆಗೆ ಬನ್ನೇರುಘಟ್ಟ ಮತ್ತು ಕಾವೇರಿ ವನ್ಯಧಾಮಗಳ ಅಂಚು; ನಡುನಡುವೆ ಬಂಡೆಗಲ್ಲಿನ ಬೆಟ್ಟಗಳು, ಅವುಗಳ ಬುಡದಲ್ಲಿ ರಾಗಿಯ ಹೊಲಗಳು. ತೆನೆ ಬಲಿಯುವ ಕಾಲಕ್ಕೆ ಕಾಡುಹಂದಿಗಳು ಹಿಂಡಾಗಿ ಬರುತ್ತವೆ, ಆನೆಗಳೂ ಬರುತ್ತವೆ. ವರ್ಷದ ದುಡಿಮೆ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುವುದುಂಟು. ಒಕ್ಕಲಿಗನ ಈ ಸಂಕಟವನ್ನು ಅಲ್ಲಗಳೆದು ಧರ್ಮವನ್ನು ಹೇಳುವುದು ಧರ್ಮವಾಗಲಾರದು.

ಬೆಳೆಯ ರಕ್ಷಣೆಗೆಂದು ಹಳ್ಳಿಗಾಡಿನಲ್ಲಿ ಇಟ್ಟುಕೊಳ್ಳುತ್ತ ಬಂದದ್ದು ಕೇಪಿನ ಕೋವಿ. 1959ರ ಆಯುಧ ಕಾಯಿದೆಯು ಬಾಯಿಂದ ಮದ್ದು ತುಂಬುವ ಇಂತಹ ಕೋವಿಯನ್ನು ಬೆಳೆಯ ರಕ್ಷಣೆಯ ಹೆಸರಿನಲ್ಲಿಯೇ ಉಲ್ಲೇಖಿಸುತ್ತದೆ. ಇದಕ್ಕೆ ಅಂಗಡಿಯ ತೋಟೆ ಬೇಕಿಲ್ಲ. ನಳಿಗೆಯೊಳಕ್ಕೆ ಮದ್ದು, ಅದರ ಮೇಲೆ ನಾರಿನ ಅಡಕು, ಬಳಿಕ ಸೀಸದ ಚರೆ, ಹಿಂಬದಿಯಲ್ಲಿ ಕೇಪು. ಎಲ್ಲವನ್ನೂ ಮನೆಯವನ ಕೈಯೇ ಕೂಡಿಸಬೇಕು. ಅಮೆರಿಕದಂತಹ ದೇಶಗಳಲ್ಲಿ ರೈಫಲ್ಲಿನಿಂದ ಹಾರಿಸಿ ಉಳಿದ ಹಿತ್ತಾಳೆಯ ಕೊಳವೆಗೆ ಹೊಸ ಕೇಪು, ಮದ್ದು, ಗುಂಡುಗಳನ್ನು ಮನೆಯಲ್ಲಿಯೇ ಸೇರಿಸಿ ಮತ್ತೆ ಬಳಸುವುದು ಅನೇಕರ ಹವ್ಯಾಸವಾಗಿದೆ. ಸಾಧನ ಯಾವುದೇ ಆಗಲಿ, ಕ್ರಿಯೆಯ ಸ್ವರೂಪ ಒಂದೇ: ಬಿಡಿಯಾಗಿದ್ದಾಗ ನಿರುಪದ್ರವಿಗಳಂತೆ ತೋರುವ ವಸ್ತುಗಳನ್ನು ಪ್ರಾಣಹಾರಿಯಾಗುವಂತೆ ಒಂದುಗೂಡಿಸುವುದು.

ಶ್ರಾವಕನಿಗೆ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ ಹೇಳುವ ಪದ್ಧತಿಯಿದೆ. ಅಣುವ್ರತಿಯು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತ್ಯಜಿಸುತ್ತಾನೆ. ಉಳಿದ ಮೂರನ್ನು ಯತ್ನಾಚಾರದಿಂದ ಕಡಿಮೆ ಮಾಡುತ್ತ ಹೋಗುತ್ತಾನೆ. ಹೊಲವನ್ನು ಕಾಯಲು ಕೋವಿ ಹಿಡಿದವನದು ವಿರೋಧೀ ಹಿಂಸೆಯಲ್ಲವೇ ಎಂದು ಕೇಳುವವರು ಇದನ್ನೇ ಆಧರಿಸುತ್ತಾರೆ. ಗಂಗರ ದಂಡನಾಯಕನಾದ ಚಾವುಂಡರಾಯನೂ ಶಸ್ತ್ರ ಹಿಡಿದಿದ್ದನಲ್ಲವೇ ಎಂಬ ಮಾತೂ ಕೇಳಿಬರುತ್ತದೆ.

ಈ ವಾದವನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಅಳೆದು ನೋಡಬೇಕು. ವಿರೋಧಕ್ಕೆ ವಿರೋಧಿಯೊಬ್ಬನು ಎದುರಿಗಿರಬೇಕು. ದಂಡನಾಯಕನ ಮುಂದೆ ಶಸ್ತ್ರಧಾರಿಯಾದ ವೈರಿಯಿದ್ದನು. ಹಂದಿಗೆ ವೈರಭಾವವಿಲ್ಲ, ಅದಕ್ಕೆ ಇರುವುದು ಹಸಿವು. ಅಲ್ಲದೆ ಮದ್ದು ತುಂಬುವ ಹೊತ್ತಿನಲ್ಲಿ ಆ ಹಂದಿಯೂ ಎದುರಿಗಿಲ್ಲ. ಹಗಲಿನಲ್ಲಿ, ಜಗಲಿಯ ಮೇಲೆ ಕುಳಿತು, ಸಾವಧಾನವಾಗಿ ಮಾಡುವ ಆ ಕೆಲಸದಲ್ಲಿ ವಿರೋಧಕ್ಕಿಂತ ಸಂಕಲ್ಪವೇ ಮುಂದಾಗಿರುತ್ತದೆ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಇದನ್ನು ಬಿಡಿಸಿ ತೋರಿಸುತ್ತದೆ. ಸಂರಂಭವೆಂದರೆ ಮಾಡುವೆನೆಂಬ ನಿಶ್ಚಯ. ಸಮಾರಂಭವೆಂದರೆ ಸಾಧನಗಳ ಸಂಗ್ರಹ. ಆರಂಭವೆಂದರೆ ಕಾರ್ಯದ ತೊಡಗುವಿಕೆ. ಈ ಮೂರು, ಮನೋವಚನಕಾಯಗಳೆಂಬ ಮೂರು, ಕೃತ ಕಾರಿತ ಅನುಮೋದನೆಗಳೆಂಬ ಮೂರು, ಕ್ರೋಧಾದಿ ಕಷಾಯಗಳು ನಾಲ್ಕು. ಇವುಗಳನ್ನು ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳು ಶ್ರಾವಕನಿಗೆ ನೆನಪಿಸುವುದು ಈ ಲೆಕ್ಕವನ್ನೇ. ಮದ್ದು ತುಂಬಿದವನು ಗುಂಡು ಹಾರಿಸದಿದ್ದರೂ ಸಮಾರಂಭದ ಮಣಿಗಳನ್ನು ದಾಟಿಯಾಗಿದೆ.

ಅಲ್ಲಿಯೇ ಅಜೀವಾಧಿಕರಣವು ನಾಲ್ಕೆಂದು ಹೇಳಿದೆ: ನಿರ್ವರ್ತನ, ನಿಕ್ಷೇಪ, ಸಂಯೋಗ, ನಿಸರ್ಗ. ಉಂಟುಮಾಡುವುದು, ಇಡುವುದು, ಕೂಡಿಸುವುದು, ಪ್ರವರ್ತಿಸುವುದು ಎಂದು ಇವುಗಳ ಅರ್ಥ. ಮದ್ದನ್ನೂ ಚರೆಯನ್ನೂ ಕೂಡಿಸುವುದು ಸಂಯೋಗವಾದರೆ, ತುಂಬಿದ ಕೋವಿಯನ್ನು ಮೂಲೆಗೆ ಒರಗಿಸಿಡುವುದು ನಿಕ್ಷೇಪ. ನೋಡದೆ ಇಡುವುದು, ಅವಸರದಲ್ಲಿ ಇಡುವುದು, ಮರೆತು ಇಡುವುದು ದೋಷಗಳೆಂದು ಶಾಸ್ತ್ರವು ಎಣಿಸಿರುವುದನ್ನು ಮನೆಯಲ್ಲಿ ಮಕ್ಕಳಿರುವ ಪ್ರತಿಯೊಬ್ಬನೂ ಗಮನಿಸಬೇಕು. ಹಣ್ಣಿನೊಳಗೆ ಸಿಡಿಮದ್ದನ್ನು ಹುದುಗಿಸಿ ಹಂದಿಗೆಂದು ಇಡುವ ಕ್ರೂರಪದ್ಧತಿಯಂತೂ ನಿಕ್ಷೇಪದೋಷದ ಪರಾಕಾಷ್ಠೆ. ಅದನ್ನು ಕಚ್ಚುವುದು ಹಂದಿಯೋ, ಹಸುವೋ, ಆನೆಯೋ ಇಟ್ಟವನಿಗೆ ತಿಳಿಯದು. 2020ರಲ್ಲಿ ಕೇರಳದಲ್ಲಿ ಗರ್ಭಿಣಿಯಾದ ಕಾಡಾನೆಯೊಂದು ಇಂತಹ ಸಿಡಿಮದ್ದಿನಿಂದ ಬಾಯಿ ಹರಿದು, ನದಿಯ ನೀರಿನಲ್ಲಿ ನಿಂತು ಪ್ರಾಣ ಬಿಟ್ಟಿತು.

ಒಂದನ್ನು ಕೊಂದರೆ ಅನೇಕರಿಗೆ ರಕ್ಷಣೆಯಾಗುವುದೆಂಬ ತರ್ಕವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು, ಹಿಂಸ್ರಜೀವಿಗಳ ವಿಷಯದಲ್ಲಿಯೂ ಅದನ್ನು ಒಪ್ಪದೆ ಬಿಟ್ಟಿದ್ದಾರೆ. ಹೀಗಿರುವಾಗ ತೆನೆ ಮೇಯುವ ಜೀವಿಯ ಮಾತನ್ನು ಬೇರೆ ಹೇಳಬೇಕಿಲ್ಲ. ಇನ್ನು ತಾನು ತುಂಬಿದ ಕೋವಿಯನ್ನು ನೆರೆಯವನಿಗೆ ಎರವಲು ಕೊಡುವುದು ಅನರ್ಥದಂಡಗಳಲ್ಲಿ ಹಿಂಸಾದಾನವೆನಿಸುತ್ತದೆ.

ರಾಜಶಾಸನವನ್ನೂ ಇಲ್ಲಿ ಮರೆಯಲಾಗದು. ಪರವಾನಗಿಯಿಲ್ಲದೆ ತೋಟೆಗಳನ್ನು ತಯಾರಿಸುವುದನ್ನು ಆಯುಧ ಕಾಯಿದೆಯು ನಿಷೇಧಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಧಿಕಾರಿಯ ಅಪ್ಪಣೆಯಿಲ್ಲದೆ ಕಾಡುಹಂದಿಯನ್ನು ಕೊಲ್ಲುವಂತಿಲ್ಲ. ವಿರುದ್ಧರಾಜ್ಯಾತಿಕ್ರಮವು ಅಚೌರ್ಯಾಣುವ್ರತದ ಅತಿಚಾರ. ಆದ್ದರಿಂದ ಕದ್ದುಮುಚ್ಚಿ ಮದ್ದು ತುಂಬುವವನು ಒಂದು ವ್ರತಕ್ಕಲ್ಲ, ಎರಡು ವ್ರತಗಳಿಗೆ ಕುಂದು ತರುತ್ತಾನೆ.

ಆದರೆ ಒಕ್ಕಲಿಗನನ್ನು ನಿಂದಿಸಿ ಪಟ್ಟಣದ ಶ್ರಾವಕನು ನಿಶ್ಚಿಂತನಾಗುವಂತಿಲ್ಲ. ರಾಮನಗರವು ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ. ಗೂಡಿನೊಳಗಿನ ಜೀವಿಯನ್ನು ಶಾಖದಿಂದ ಕೊಂದ ಬಳಿಕವೇ ಆ ನೂಲು ಬಿಚ್ಚಿಕೊಳ್ಳುತ್ತದೆ. ಆ ಸೀರೆಯನ್ನುಟ್ಟು ಪೂಜೆಗೆ ನಿಲ್ಲುವ ಮನೆಯಲ್ಲಿ ಕೋವಿಯಿಲ್ಲದಿರಬಹುದು, ಅನುಮೋದನೆ ಇದೆ. ಅದೇ ಊರಿನ ರಾಗಿಯನ್ನು ಉಣ್ಣುವವನಿಗೂ ಆ ಹೊಲವನ್ನು ಕಾದ ಬಗೆಯಲ್ಲಿ ಪಾಲಿದೆ.

ಹಾಗಾದರೆ ದಾರಿ ಯಾವುದು? ಅಟ್ಟಣೆ ಕಟ್ಟಿ ಸರದಿಯಂತೆ ಕಾಯುವುದು, ತಮಟೆ ಬಾರಿಸುವುದು, ದೀಪ ಹಚ್ಚುವುದು, ಪ್ರಾಣಾಪಾಯವಾಗದ ಸೌರಬೇಲಿ ಹಾಕುವುದು, ಬೆಳೆನಷ್ಟಕ್ಕೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳುವುದು, ಇವೆಲ್ಲವೂ ಇವೆ. ಇವು ಪೂರ್ಣವಾದ ಪರಿಹಾರಗಳಲ್ಲ. ರಾತ್ರಿಯ ನಿದ್ದೆ ಹೋಗುತ್ತದೆ, ಕೆಲವು ಪಲ್ಲ ರಾಗಿಯೂ ಹೋಗುತ್ತದೆ. ಆ ನಷ್ಟವನ್ನು ಒಬ್ಬ ಬಡ ಒಕ್ಕಲಿಗನ ಮೇಲೆಯೇ ಬಿಟ್ಟು ಉಳಿದವರು ಅಹಿಂಸೆಯ ಪುಣ್ಯವನ್ನು ಬಯಸುವುದು ನ್ಯಾಯವಲ್ಲ. ಸೌರಬೇಲಿಗೆ ಕೊಡುವ ದ್ರವ್ಯವೂ ಅಭಯದಾನವೆಂದು ಸಮಾಜವು ತಿಳಿಯಬೇಕು.

ಅಷ್ಟಮಿ ಚತುರ್ದಶಿಗಳಂದು ಪ್ರೋಷಧೋಪವಾಸ ಕೈಗೊಳ್ಳುವವನು ಆಹಾರದೊಡನೆ ಆರಂಭವನ್ನೂ ತ್ಯಜಿಸುತ್ತಾನೆ. ನೋಡದೆ, ಒರಸದೆ ವಸ್ತುಗಳನ್ನು ಎತ್ತಿಡುವುದು ಆ ವ್ರತಕ್ಕೂ ಅತಿಚಾರ. ಹೊಟ್ಟೆಯನ್ನು ಬರಿದು ಮಾಡಿದ ದಿನ ನಳಿಗೆಯನ್ನು ತುಂಬಿಟ್ಟಿದ್ದರೆ ಉಪವಾಸವು ಅರ್ಧವೇ ಆಯಿತು. ಮೊದಲು ಪರ್ವದಿನಗಳಲ್ಲಿ ಕೋವಿಯನ್ನು ಬರಿದಾಗಿಡುವ ನಿಯಮ ಹಿಡಿಯಲಿ; ಬಳಿಕ ದಶಲಕ್ಷಣದ ಹತ್ತು ದಿನ; ಬಳಿಕ ಒಂದು ಸುಗ್ಗಿ. ಅಣುವ್ರತವು ಬೆಳೆಯುವುದು ಹೀಗೆಯೇ. ಹಸಿವೆಂದರೇನೆಂದು ಉಪವಾಸದಿಂದ ಅರಿತವನಿಗೆ, ಹಸಿದು ಹೊಲಕ್ಕೆ ಬಂದ ಜೀವಿಯ ಮೇಲೆ ಗುರಿಯಿಡುವುದು ದಿನೇ ದಿನೇ ಕಷ್ಟವಾಗಲೇಬೇಕು.